ದಸ್ತಗೀರಸಾಬರು ಹಂಚಿದ ಒಂಬತ್ತು ಕಲ್ಲು

ಬೆಳಗಿನ ನಮಾಜು ಮುಗಿಸಿ ಮನೆಗೆ ಬಂದವರು, ಚಹಾದ ಲೋಟ ಮುಟ್ಟುವ ಮೊದಲು, ದಸ್ತಗೀರಸಾಬರು ಒಂದು ಕಲ್ಲು ತೊಳೆಯುತ್ತಾರೆ. ಒಂದೇ ಕಲ್ಲು. ಹಿತ್ತಲ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, 'ಬಿಸ್ಮಿಲ್ಲಾ' ಎಂದು, ಕೂದಲು ಸವೆದು ಮೆತ್ತಗಾದ ಹಳೆಯ ಶೇವಿಂಗ್ ಬ್ರಷ್ಷಿನಿಂದ ಅದರ ಗೆರೆಗೆರೆಯ ಧೂಳು ತೆಗೆಯುತ್ತಾರೆ. ಲುಂಗಿಯ ಅಂಚಿನಿಂದ ಒರೆಸಿ, ಗಾಜಿನ ಕಪಾಟಿನಲ್ಲಿ ಅದರ ಜಾಗಕ್ಕೇ ಇಡುತ್ತಾರೆ. ನಾಳೆ ಅದರ ಪಕ್ಕದ್ದು. ಕಪಾಟಿನಲ್ಲಿ ಅರವತ್ತಕ್ಕಿಂತ ಹೆಚ್ಚು ಕಲ್ಲುಗಳಿವೆ. ಎರಡು ತಿಂಗಳಿಗೊಮ್ಮೆ ಪ್ರತಿಯೊಂದಕ್ಕೂ ಸರದಿ ಬರುತ್ತದೆ. ಜ್ವರದಲ್ಲಿ ಮೈ ಸುಡುತ್ತಿದ್ದ ದಿನವೂ, ಮಗಳು ಫರ್ಜಾನಾಳ ನಿಕಾಹ್ ಇದ್ದ ದಿನವೂ ಇದು ತಪ್ಪಿಲ್ಲ.

"ಕಲ್ಲಿಗೆ ಮುಖ ತೊಳಸೋದು ಆತೇನ್ರಿ? ಚಾ ಆರಾಕತ್ತೈತಿ," ಎಂದು ಹೆಂಡತಿ ಕುಬ್ರಾಬಿ ಒಳಗಿನಿಂದ ಕೂಗುತ್ತಾಳೆ. "ನನ್ನ ಮುಖ ಒಂದಿನಾರ ಇಷ್ಟು ನೆಟ್ಟಗ ನೋಡೀರೇನು?"

"ನೀ ಇನ್ನೂ ಕಲ್ಲಾಗಿಲ್ಲಲ್ಲ."

"ನಿಮ್ಮ ಸಂಗಾಟ ಮೂವತ್ತೈದು ವರ್ಷ ಕಳದೀನಿ. ಇನ್ನೇನು ಉಳದೈತಿ ಆಗಾಕ?"

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಅವರ ಮನೆ. ಕೆಲಸ, ನೆಲಕ್ಕೆ ಬಂಡೆ ಹಾಸುವುದು. ಓದಿದ್ದು ಮೂರನೇ ಇಯತ್ತೆ. ಅರವತ್ತೊಂದು ವರ್ಷವಾದರೂ ಅವರು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ.

ಕಲ್ಲಿನ ಈ ಹುಚ್ಚು ಹತ್ತಿದ್ದು ಹನ್ನೆರಡು ವರ್ಷದ ಹಿಂದೆ, ಪಾರ್ವತಿನಗರದ ತಿರುಮಲಮ್ಮನವರ ಮನೆಯಲ್ಲಿ. ತಿರುಮಲಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಅಡುಗೆಮನೆಗೆ ಕಡಪ ಬಂಡೆ ಹಾಸುತ್ತಿದ್ದಾಗ ದಸ್ತಗೀರಸಾಬರು ಒಂದು ಬಂಡೆಯನ್ನು ಪಕ್ಕಕ್ಕೆ ಇಟ್ಟರು.

"ಅಮ್ಮಾರ, ಇದರಾಗ ಉಳ್ಳಾಗಡ್ಡಿ ಕೊಯ್ದಂಗ ಸುತ್ತು ಸುತ್ತು ಗೆರಿ ಅದಾವ. ಒಲಿ ಕೆಳಗ ಹಾಕಾಕ ಮನಸ್ಸಾಗವಲ್ದು ನೋಡ್ರಿ."

ತಿರುಮಲಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ನೋಡುತ್ತ ನೋಡುತ್ತ ಅಲ್ಲೇ ಮರಳಿನ ಮೇಲೆ ಕೂತರು. ಮೀನು ಹುಟ್ಟುವ ಮೊದಲು, ಹುಲ್ಲು ಹುಟ್ಟುವ ಮೊದಲು, ಈ ಸೀಮೆಯ ಮೇಲೆ ತೆಳ್ಳಗೆ ಕಡಲಿದ್ದ ಕಾಲದಲ್ಲಿ, ಪಾಚಿಯಂಥ ಸಣ್ಣ ಜೀವಗಳು ಪದರದ ಮೇಲೆ ಪದರ ಕಟ್ಟಿದ ಗುರುತು ಅದು ಎಂದರು. "ಕಲ್ಲಾದ ಜೀವ ಇದು. ಪಳೆಯುಳಿಕೆ ಅಂತೀವಿ."

"ಇದರಾಗ ಜೀವ ಇತ್ತೇನ್ರಿ?"

"ಇತ್ತು, ದಸ್ತಗೀರಸಾಬ್ರ."

ಆ ದಿನ ಅವರು ಮತ್ತೆ ಪಾಲಿಶ್ ಮಷೀನು ಹಚ್ಚಲಿಲ್ಲ. ಅಷ್ಟು ವರ್ಷ ಯಾವ ಯಾವ ಬಂಡೆಯ ಮೇಲೆ ಕಣ್ಣು ಮುಚ್ಚಿ ಮಷೀನು ಓಡಿಸಿದ್ದೇನೋ ಎಂದು ಲೆಕ್ಕ ಹಾಕುತ್ತ ಮನೆಗೆ ನಡೆದರು. ಆ ಬಂಡೆಯ ತುಂಡೇ ಕಪಾಟಿನ ಮೊದಲ ಕಲ್ಲು.

ಮುಂದೆ ತಿರುಮಲಮ್ಮನವರೇ, ತಾವು ಸೇರದಿದ್ದರೂ, ಪರಿಚಯದವರಿಗೆ ಹೇಳಿ ಅವರನ್ನು ಫೋನಿನ ಒಂದು ಗುಂಪಿಗೆ ಸೇರಿಸಿದರು. ಪಳೆಯುಳಿಕೆ ಕೂಡಿಡುವ ನಲವತ್ತು ಮಂದಿಯ ಗುಂಪು. ಅದರ ಕಾಯಿದೆ ಚಿಕ್ಕದು. ಕಲ್ಲು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾಣಿಕೆಯಾಗಿ ಕಳಿಸಬೇಕು. ಪಾರ್ಸೆಲ್ ಬಂದಾಗ ಬಿಚ್ಚುವ ಮೊದಲೊಂದು, ಬಿಚ್ಚಿದ ಮೇಲೊಂದು ಫೋಟೋ ಹಾಕಬೇಕು. ಅಳತೆ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣ. ಕೊಟ್ಟದ್ದನ್ನು ಯಾವ ಕಾರಣಕ್ಕೂ ವಾಪಸ್ ಕೇಳಬಾರದು.

ಹೋದ ವರ್ಷ ಬಂದ ಒಂದು ಪಾರ್ಸೆಲ್ಲನ್ನು ಅವರು ಮರೆಯುವುದಿಲ್ಲ. ಕಳಿಸಿದವನು ಸುಂಕಪ್ಪ. ಮೂಲ ಸಿರುಗುಪ್ಪದವನು, ಲಾರಿ ಓಡಿಸುತ್ತ ತಮಿಳುನಾಡಿನ ಅರಿಯಲೂರಿಗೆ ಹೋಗಿ, ಅಲ್ಲಿನ ಸುಣ್ಣಕಲ್ಲಿನ ಗಣಿಯಲ್ಲಿ ಕೆಲಸಕ್ಕೆ ನಿಂತು, ಅಲ್ಲೇ ಸಂಸಾರ ಹೂಡಿದವನು. ದಸ್ತಗೀರಸಾಬರು ಮೊದಲ ಫೋಟೋ ಹಾಕುತ್ತಲೇ ಗುಂಪಿನಲ್ಲಿ ಅವನ ದನಿ ಬಂತು: "ಲಗೂನ ಬಿಚ್ಚೋ ಸಾಬ! ಹೊಸ ಮದಲಿಂಗನಂಗ ನಾಚಿಕೋಬ್ಯಾಡ!" ತಮಿಳು ಪೇಪರು ಬಿಚ್ಚಿದರೆ ಅದರೊಳಗೆ ಭತ್ತದ ಹೊಟ್ಟು, ಹೊಟ್ಟಿನೊಳಗೆ ಮುಷ್ಟಿಗಾತ್ರದ ಸುರುಳಿ ಶಂಖ. ಕಡಲು ಬಿಟ್ಟು ಕೋಟಿಗಟ್ಟಲೆ ವರ್ಷವಾದರೂ ಸುರುಳಿಯ ಒಂದೊಂದು ಏಣು ಹಾಗೇ ಇತ್ತು. ಕುಬ್ರಾಬಿ ಕೂಡ ಒಲೆ ಬಿಟ್ಟು ಬಂದು ಬೆರಳಾಡಿಸಿದಳು. "ಅಲ್ಲಾನ ಕೈ ಎಷ್ಟು ಸಣ್ಣ ಕೆಲಸ ಮಾಡತೈತಿ ನೋಡ್ರಿ," ಎಂದಳು.

ಅದನ್ನು ತಿರುಮಲಮ್ಮನವರಿಗೆ ತೋರಿಸಿದಾಗ ಅವರು ದೇವರ ಮನೆಗೆ ಹೋಗಿ, ಒಡೆದ ಮುಖದ ಒಂದು ಸಾಲಿಗ್ರಾಮವನ್ನು ಬೆಳ್ಳಿ ತಟ್ಟೆಯಲ್ಲಿ ಹೊಸ್ತಿಲವರೆಗೆ ತಂದರು. ಒಳಗಿನ ಚಕ್ರ ಅದೇ ಸುರುಳಿ. ದಸ್ತಗೀರಸಾಬರು ಕೈ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದರು.

"ನಮ್ಮಲ್ಲೂ ಇದನ್ನ ಮಾರಂಗಿಲ್ಲ, ಕೊಳ್ಳಂಗಿಲ್ಲ," ಎಂದರು ತಿರುಮಲಮ್ಮ. "ಕೈಯಿಂದ ಕೈಗೆ ಬರಬೇಕು. ಇದು ನಮ್ಮತ್ತಿ ಕೊಟ್ಟದ್ದು."

"ಹಂಗಾದ್ರ ನೀವು ನಮ್ಮ ಗುಂಪಿಗೆ ನಮಗಿಂತ ಮೊದಲ ಸೇರಿದವರು ಬಿಡ್ರಿ," ಎಂದು ಅವರು ನಕ್ಕರು.

ಅಂಥ ಕಾಣಿಕೆ ಬಂದ ಮೇಲೆ ತಾವೂ ಏನಾದರೂ ಕೊಡಬೇಕಲ್ಲ! ಬಳ್ಳಾರಿಯ ಗುಡ್ಡಗಳಲ್ಲಿ ಶಂಖ ಸಿಗುವುದಿಲ್ಲ. ಹೀಗೆ ಯೋಚಿಸುತ್ತಿರುವಾಗಲೇ ಕೆಲಸಕ್ಕೆ ಬಂದ ಒಂದು ಹಳದಿ ಬಂಡೆಯ ಮೇಲೆ ಕಪ್ಪಗೆ, ಜರೀಗಿಡದಂಥ ಎಲೆಗಳ ಸಾಲು ಕಂಡಿತು. ಕಾಂಡ, ಕೊಂಬೆ, ಕೊಂಬೆಗೆ ಕಿರುಕೊಂಬೆ. ಕಲ್ಲಾದ ಎಲೆ! ಬಂಡೆಯ ಯಜಮಾನನನ್ನು ಕೇಳಿಕೊಂಡು, ಅಂಗೈಯಗಲಕ್ಕೆ ಹತ್ತು ತುಂಡು ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದರು. ಒಂದನ್ನು ಕಪಾಟಿಗಿಟ್ಟು ಒಂಬತ್ತನ್ನು ಹಂಚಿದರು. ತಿರುಮಲಮ್ಮ ಆಗ ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಊರಿಗೆ ಹೋಗಿದ್ದರು. ಅವರನ್ನು ಕೇಳಬೇಕೆಂದೂ ಅನ್ನಿಸಲಿಲ್ಲ. ಎಲೆಯನ್ನು ಎಲೆ ಎನ್ನಲು ಯಾರನ್ನು ಕೇಳಬೇಕು?

ಏಳು ಕಲ್ಲು ಅಂಚೆಯಲ್ಲಿ ಹೋದವು; ಮೊದಲನೆಯದು ಸುಂಕಪ್ಪನಿಗೆ. ಎಂಟನೆಯದನ್ನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ ಎರ್ರಿಯ ಕೈಗೆ ಕೊಟ್ಟರು; ಅವನೂ ಗುಂಪಿನವನು. ಒಂಬತ್ತನೆಯದು ಕುರುಗೋಡಿನ ಶಾಲೆಗೆ ಹೋಯಿತು. ಫರ್ಜಾನಾಳನ್ನು ಕೊಟ್ಟದ್ದು ಕುರುಗೋಡಿಗೆ. ಅವಳ ಮಗಳು ಶಬನಂ ಆ ಶಾಲೆಯಲ್ಲಿ ಐದನೇ ತರಗತಿ. ಶಾಲೆಯವರು ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದಪ್ಪ ಅಕ್ಷರದ ಚೀಟಿ ಹಚ್ಚಿದರು: 'ಎಲೆಯ ಪಳೆಯುಳಿಕೆ. ಕೊಟ್ಟವರು: ದಸ್ತಗೀರಸಾಬ್, ಬಳ್ಳಾರಿ.' ಮತದಾರರ ಪಟ್ಟಿ ಬಿಟ್ಟರೆ ಬೇರೆಲ್ಲೂ ಅವರ ಹೆಸರು ಅಚ್ಚಾಗಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ತಮ್ಮ ಹೆಸರು ಶಾಲೆಯೊಂದರ ಪೆಟ್ಟಿಗೆಗೆ ಬಂದಿತಲ್ಲ ಎಂದು ಅಂದು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ಶಬನಂ ಅಂತೂ ಸಿಕ್ಕವರಿಗೆಲ್ಲ "ನಮ್ಮ ನಾನಾನ ಎಲಿ" ಎಂದು ತೋರಿಸುತ್ತಿದ್ದಳು.

ಏಳು ತಿಂಗಳು ಕಳೆಯಿತು. ಹತ್ತಿರದ ಮೋಕಾ ಊರಿನಲ್ಲೊಂದು ಮನೆಯ ನೆಲಕ್ಕೆ ಬಂಡೆ ಹಾಸುತ್ತಿದ್ದರು. ಆಗಷ್ಟೇ ಕೂರಿಸಿದ ಒಂದು ಬಂಡೆ ಮಟ್ಟ ತಪ್ಪಿದೆ ಅನ್ನಿಸಿ, ಅಡಿಗೆ ಸುರಿದ ಸಿಮೆಂಟಿನ ಹಾಲು ಹಸಿಯಿರುವಾಗಲೇ ಅದನ್ನು ಎಬ್ಬಿಸಿದರು. ಬಂಡೆಯ ಅಡಿಯಲ್ಲಿ ಹಸಿ ಸಿಮೆಂಟು ಕವಲೊಡೆದಿತ್ತು. ಕಾಂಡ, ಕೊಂಬೆ, ಕೊಂಬೆಗೆ ಕಿರುಕೊಂಬೆ. ಕೂರಿಸಿದ ಬಂಡೆ ಎಬ್ಬಿಸಿದಾಗಲೆಲ್ಲ ನಲವತ್ತು ವರ್ಷದಿಂದ ನೋಡುತ್ತ ಬಂದ ಗಿಡವದು. ನೋಡಿ ಕರಣೆಯಿಂದ ಅಳಿಸಿಬಿಡುತ್ತಿದ್ದರು. ಈ ಸಲ ಕರಣೆ ಮೇಲೇಳಲಿಲ್ಲ.

ಅಂಗಳದಲ್ಲಿ ಹಳದಿ ಬಂಡೆಗಳ ರಾಶಿ ಇತ್ತು. ಒಂದೊಂದನ್ನೇ ಹೊರಳಿಸಿ ನೋಡಿದರು. ಎಲ್ಲೆಲ್ಲಿ ಕಪ್ಪು ಗಿಡವಿತ್ತೋ ಅಲ್ಲೆಲ್ಲ ಅದರ ಬೇರು ಒಂದು ಬಿರುಕಿನ ಅಂಚಿನಲ್ಲಿತ್ತು. ಬಿರುಕಿಲ್ಲದ ಕಡೆ ಒಂದು ಎಲೆಯೂ ಇಲ್ಲ. ಎಲೆಯಾಗಿದ್ದರೆ ಕಲ್ಲು ಕಲ್ಲಾಗುವ ಮೊದಲೇ ಅದು ಒಳಗಿರಬೇಕು. ಬಿರುಕು ಬಿಡುವುದು ಕಲ್ಲು ಗಟ್ಟಿಯಾದ ಮೇಲೆ. ಬಿರುಕಿನಿಂದ ಹೊರಟದ್ದು ಎಲೆ ಹೇಗಾದೀತು? ಸಂದಿಯಲ್ಲಿ ಇಳಿದ ನೀರು ಮಾಡಿದ ಕೆಲಸ ಅದು.

ಅಂಥ ಒಂದು ತುಂಡು ಹಿಡಿದು ಸೀದಾ ಪಾರ್ವತಿನಗರಕ್ಕೆ ಹೋದರು. ತಿರುಮಲಮ್ಮ ಊರಿಗೆ ಮರಳಿದ್ದರು. ಹೊಸ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ, "ಖರೆ, ಇದು ಎಲಿ ಅಲ್ಲ," ಎಂದರು. "ನೀರಿನಾಗ ಕರಗಿದ ಲೋಹ ಬಿರುಕಿನಾಗ ಇಳದು ಹಿಂಗ ಕವಲೊಡೀತದ. ಓದಿದವರೂ ಇದಕ್ಕ ಮೋಸ ಹೋಗ್ತಾರ. ನಿಮಗ ಯಾರು ಹೇಳಿದ್ರು?"

"ಸಿಮೆಂಟ್ ಹೇಳ್ತು, ಅಮ್ಮಾರ."

ತಿರುಮಲಮ್ಮ ಭೂತಗನ್ನಡಿ ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. "ಮೂವತ್ತು ವರ್ಷ ಪಾಠ ಹೇಳೀನಿ. ಹಿಂಗ ನೆಲ ನೋಡಿ ತಿಳಕೊಳ್ಳೋದು ನನಗಾಗ್ತಿರಲಿಲ್ಲ."

ಆ ಹೊಗಳಿಕೆ ಅವರ ಕಿವಿಗೆ ಇಳಿಯಲಿಲ್ಲ. ಒಂಬತ್ತು ಕಲ್ಲು ಕಣ್ಣ ಮುಂದೆ ಸಾಲಾಗಿ ನಿಂತಿದ್ದವು. ಒಂಬತ್ತನೆಯದರ ಜೊತೆ ಒಂದು ಚೀಟಿ, ಚೀಟಿಯಲ್ಲಿ ಅವರ ಹೆಸರು.

"ಗುಂಪಿನಾಗ ಯಾರಾರ ಕೇಳ್ಯಾರೇನು?" ಎಂದಳು ಕುಬ್ರಾಬಿ, ಮನೆಗೆ ಬಂದು ಅವರು ಎಲ್ಲ ಹೇಳಿದ ಮೇಲೆ.

"ಇಲ್ಲ."

"ಹಂಗಾದ್ರ ಸುಮ್ನಿರ್ರಿ. ನೀವೇನು ಬೇಕಂತ ಮಾಡೀರೇನು? ಸಾಲ್ಯಾಗ ಆ ಕೂಸಿಗೆ ಹುಡುಗರು ಏನಂದಾರು, ಒಂದೀಟು ನೋಡ್ರಿ."

ಆ ಮಾತು ಮುಳ್ಳಿನಂತೆ ನಾಟಿತು. ಎರಡು ದಿನ ಸುಮ್ಮನಿದ್ದರು. ಮೂರನೆಯ ಬೆಳಿಗ್ಗೆ ತೊಳೆಯುವ ಸರದಿ, ಕಪಾಟಿನಲ್ಲಿ ಉಳಿದ ಎಲೆಕಲ್ಲಿನದೇ ಬಂತು. 'ಬಿಸ್ಮಿಲ್ಲಾ' ಎಂದು ಬ್ರಷ್ ಇಟ್ಟವರಿಗೆ ಕೈ ಮುಂದೆ ಹೋಗಲಿಲ್ಲ. ದೇವರ ಹೆಸರು ಹೇಳಿ ಸುಳ್ಳನ್ನು ತೊಳೆಯುವುದು ಹೇಗೆ? ಕಲ್ಲನ್ನು ಕಟ್ಟೆಯ ಮೇಲಿಟ್ಟು ಫೋನು ಕೈಗೆತ್ತಿಕೊಂಡು, ಗುಂಪಿಗೆ ದನಿಯಲ್ಲೇ ಹೇಳಿದರು:

"ಎಲ್ಲಾರಿಗೂ ನಮಸ್ಕಾರ್ರಿ. ದಸ್ತಗೀರಸಾಬ್ ಮಾತಾಡೋದು. ನಾ ಕಳಿಸಿದ್ದು ಎಲಿ ಅಲ್ಲ. ನೀರಿನ ಕಲೆ ಅದು. ನಾ ತಿಳೀದ ಎಲಿ ಅಂದೀನಿ. ಕಾಯಿದಿ ಪ್ರಕಾರ ವಾಪಸ್ ಕೇಳಂಗಿಲ್ಲ, ಕೇಳಂಗಿಲ್ಲ ನಾನೂ. ನೀವು ಹಚ್ಚಿದ ಚೀಟಿ ಅಷ್ಟು ತೆಗೀರಿ."

ಆಮೇಲೆ ಕಲ್ಲು ತೊಳೆದು ಅದರ ಜಾಗಕ್ಕಿಟ್ಟರು. ಸ್ವಲ್ಪ ಹೊತ್ತಿಗೆ ಸುಂಕಪ್ಪನ ಫೋನು.

"ಸಾಬ, ಪಾರ್ಸೆಲ್ ಬಿಚ್ಚಿದ ದಿನಾನ ನನಗ ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ಲಲೇ?"

"ಕಾಣಿಕಿ ಅಲ್ಲೇನೋ? ಕಾಣಿಕ್ಯಾಗ ತಪ್ಪು ಹುಡುಕ್ತಾರೇನು?"

"ನೀ ಆವತ್ತ ಬೈದಿದ್ರ ಅದು ಸಾಲಿಗೆ ಹೋಗ್ತಿದ್ದಿಲ್ಲ, ಸುಂಕಪ್ಪ."

"ತಪ್ಪಾತಪ್ಪ," ಎಂದನು ಸುಂಕಪ್ಪ.

ಹತ್ತಿರದ ಎರಡು ಕಡೆಗೆ ದನಿ ಕಳಿಸಿದರೆ ಸಾಲದು, ತಾವೇ ಹೋಗಬೇಕು ಎಂದುಕೊಂಡರು. ಮರುದಿನ ಬೆಳಗಿನ ಬಸ್ಸಿಗೆ ಸಿರುಗುಪ್ಪ. ಗಿರಣಿಯಲ್ಲಿ ಎರ್ರಿಯ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಹಾರುವ ಚೀಟಿಗಳ ಕಟ್ಟಿನ ಮೇಲೆ ಕಲ್ಲು ಕೂತಿತ್ತು.

"ಇಷ್ಟು ಹೇಳಾಕ ಬಸ್ ಹತ್ತಿ ಬಂದ್ಯಾ ಮಾವ?" ಎರ್ರಿ ಹೊಟ್ಟೆ ಹಿಡಿದು ನಕ್ಕ. "ಎಲಿ ಖೊಟ್ಟಿ ಇರಬಹುದು, ಭಾರ ಖರೇನ ಐತಿ. ಏಳು ತಿಂಗಳಾತು, ಒಂದು ಚೀಟಿ ಹಾರಿಲ್ಲ."

ದಸ್ತಗೀರಸಾಬರಿಗೂ ನಗು ಬಂತು. ಆದರೆ ಕುರುಗೋಡಿನ ಬಸ್ಸಿನಲ್ಲಿ ಕೂತಾಗ ಅದು ಉಳಿಯಲಿಲ್ಲ. ಬಸವೇಶ್ವರ ಗುಡಿ ದಾಟಿ ಶಾಲೆಯ ಗೇಟು ಹೊಕ್ಕರು. ವಿಜ್ಞಾನದ ಟೀಚರು ಸರೋಜಾ ಐದನೇ ತರಗತಿಯಲ್ಲೇ ಇದ್ದರು. ಎದುರಿನ ಸಾಲಿನಿಂದ ಶಬನಂ ಕೂಗಿದಳು: "ನಾನಾ! ನಮ್ಮ ಎಲಿ ನೋಡಾಕ ಬಂದೀಯೇನು?"

ಸಂಗತಿಯನ್ನು ಟೀಚರಿಗೆ ಮೆಲ್ಲಗೆ ಹೇಳಿ ಹೋಗಬೇಕೆಂದು ಬಂದಿದ್ದವರು, ಮಗುವಿನ ಮುಖ ನೋಡಿ ಮನಸ್ಸು ಬದಲಿಸಿದರು. ಇವಳಿಗೆ ಇದನ್ನು ಬೇರೆಯವರು ಹೇಳಬಾರದು. ಸರೋಜಾ ಅವರ ಅಪ್ಪಣೆ ಪಡೆದು, ಟೀಚರಿಗೆ ತೋರಿಸಲೆಂದು ಚೀಲದಲ್ಲಿ ತಂದಿದ್ದ ಎರಡು ತುಂಡು ಟೈಲ್ಸ್ ತೆಗೆದರು. ಅಂಗಳದ ಮಣ್ಣನ್ನು ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ಒಂದರ ಮೇಲೆ ಸವರಿ, ಇನ್ನೊಂದನ್ನು ಅದರ ಮೇಲೆ ಒತ್ತಿ ಮೆಲ್ಲಗೆ ಎಬ್ಬಿಸಿದರು.

"ಎಲಿ!" ಎಂದು ಮಕ್ಕಳು ಒಟ್ಟಿಗೆ ಕೂಗಿದರು.

"ಎಲಿ ಎಲ್ಲಿಂದ ಬಂತ್ರಿ? ಇದು ಬರೇ ಕೆಸರು," ಎಂದರು. "ನೀವು ಮೋಸ ಹೋದಂಗ ನಾನೂ ಹೋದೆ. ಗಾಜಿನ ಪೆಟ್ಟಿಗ್ಯಾಗ ಇರೋದೂ ಹಿಂಗ ಆಗಿದ್ದು."

ಶಬನಂ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಎದ್ದು ಬಂದು ಟೈಲ್ಸ್ ಕಿತ್ತುಕೊಂಡು, "ನಾ ಮಾಡ್ತೀನಿ ಕೊಡು," ಎಂದಳು. ತರಗತಿಯೆಲ್ಲ ಅವಳ ಸುತ್ತ ಮುತ್ತಿಕೊಂಡಿತು.

ಸರೋಜಾ ದಸ್ತಗೀರಸಾಬರನ್ನು ಪೆಟ್ಟಿಗೆಯ ಹತ್ತಿರ ಕರೆದೊಯ್ದು ಬೀಗ ತೆಗೆದರು. ದಪ್ಪ ಅಕ್ಷರದ ಚೀಟಿ ಹಾಗೇ ಇತ್ತು. ಅದನ್ನು ಬಿಡಿಸಿಕೊಂಡು, ದನಿ ತಗ್ಗಿಸಿ, "ಹೊಸ ಚೀಟಿ ಬರಸ್ತೀನಿ ಸಾಬ್ರ," ಎಂದರು. "ನಿಮ್ಮ ಹೆಸರು ಬಿಟ್ಟುಬಿಡ್ತೀನಿ. ತಪ್ಪಿನ ಪಕ್ಕ ನಿಮ್ಮ ಹೆಸರು ಯಾಕ? ಬಂದವರಿಗೆ ಯಾರು ಕೊಟ್ಟದ್ದು ಅಂತ ಗೊತ್ತಾಗಂಗಿಲ್ಲ, ನಿಮಗೂ ಮುಜುಗರ ಇರಂಗಿಲ್ಲ."

ದಸ್ತಗೀರಸಾಬರು ಟೀಚರ ಕೈಯಲ್ಲಿದ್ದ ಚೀಟಿಯ ಮೇಲಿನ ತಮ್ಮ ಹೆಸರನ್ನು ಇನ್ನೊಮ್ಮೆ ಓದಿದರು. ಕೆಸರಾಗಿದ್ದ ಕೈಯನ್ನು ಲುಂಗಿಗೆ ಒರೆಸಿಕೊಂಡರು.

"ಬ್ಯಾಡ್ರಿ ಮೇಡಂ," ಎಂದರು. "ಅಷ್ಟು ಉಪಕಾರ ಬ್ಯಾಡ. ಎಲಿ ಅಂದಾಗ ಹೆಸರು ಹಾಕಿಸ್ಕೊಂಡವ ನಾನು. ಈಗೂ ಹಾಕ್ರಿ. 'ದಸ್ತಗೀರಸಾಬ್ ಇದನ್ನು ಎಲೆ ಅಂದಿದ್ದ. ಎಲೆ ಅಲ್ಲ' ಅಂತ ಬರೀರಿ. ಅಕ್ಷರ ಮೊದಲಿನಷ್ಟ ದಪ್ಪ ಇರಲಿ."