ನಾಲ್ಕರಲ್ಲಿ ಒಂದು

ಅಮೃತಹಳ್ಳಿಯ ಮುನಿಶಾಮಮ್ಮ ಹಠ ಹಿಡಿದು ಮಗಳ ಮಗಳು ನಂದಿತಾಳನ್ನು ತನ್ನ ಕಿರಿಮಗ ಮುನಿರಾಜುವಿಗೇ ತಂದುಕೊಂಡಳು. ಸೋದರಮಾವ ಇರುವಾಗ ಹುಡುಗಿಯನ್ನು ಹೊರಗೆ ಕೊಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಚೊಚ್ಚಲ ಮಗು ದಿಶಾಳಿಗೆ ಥಲಸ್ಸೇಮಿಯಾ, ಮೈಯಲ್ಲಿ ರಕ್ತ ಊರದ ಕಾಯಿಲೆ. ತಿಂಗಳು ತಿಂಗಳೂ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಹಾಕಿಸಬೇಕು. ಗಂಡಹೆಂಡಿರಿಬ್ಬರೊಳಗೂ ಅದರ ಬೀಜ ಅಡಗಿದೆ, ನಾಲ್ಕರಲ್ಲಿ ಒಂದು ಮಗುವಿಗೆ ಬರುವ ಸಂಭವವಿದೆ ಎಂದರು ಡಾಕ್ಟರು.

ಮುನಿಶಾಮಮ್ಮ ಆ ಮಾತನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. "ಬರೋದು ಒಂದು ಬಂದಾಯ್ತಲ್ಲವ್ವ, ಎದ್ರುಕೋಬೇಡ. ಇನ್ ಮೂರು ಗಟ್ಟಿಮುಟ್ಟಾಗಿ ಉಟ್ತವೆ" ಎಂದು ನಂದಿತಾಳನ್ನು ಒಪ್ಪಿಸಿದಳು. ಬಸಿರಲ್ಲೇ ಮಾಡಿಸಬೇಕಿದ್ದ ಪರೀಕ್ಷೆಯನ್ನೂ ಬೇಡವೆಂದಳು.

ಈಗ ಎರಡನೆಯ ಕೂಸು ಸುಣ್ಣದಂತೆ ಬಿಳಿಚಿಕೊಂಡು ನಂದಿತಾಳ ತೊಡೆಯ ಮೇಲಿತ್ತು. ದಿಶಾಳಿಗೆ ರಕ್ತ ಹಾಕುತ್ತಿದ್ದ ವಾರ್ಡಿಗೇ ಡಾಕ್ಟರು ಬಂದು ಹೇಳಿದರು, ಅದೇ ಕಾಯಿಲೆ ಎಂದು.

"ಒಂದಕ್ಕೇ ಅಂದಿದ್ರಲ್ಲ ಸ್ವಾಮಿ" ಎಂದು ಮುನಿಶಾಮಮ್ಮ ಜಗಳಕ್ಕೆ ನಿಂತಳು.

"ಪ್ರತಿ ಮಗುಗೂ ಲೆಕ್ಕ ಹೊಸದಾಗಿ ಶುರುವಾಗುತ್ತೆ ಅಜ್ಜಿ. ಮೊದಲನೇದಕ್ಕೆ ಬಂತು ಅಂತ ಎರಡನೇದನ್ನ ಬಿಡಲ್ಲ."

ಜಗಲಿಯ ಮೇಲೆ ಜೀವಮಾನವೆಲ್ಲ ಚೌಕಾಬಾರ ಆಡಿದವಳು ಮುನಿಶಾಮಮ್ಮ. ಹಿಂದಿನ ಸಲ ಏನು ಬಿತ್ತೆಂಬುದು ಕವಡೆಗೆ ನೆನಪಿರುವುದಿಲ್ಲವೆಂದು ಸೋತು ಅಳುವ ಮಕ್ಕಳಿಗೆ ಹೇಳುತ್ತಿದ್ದವಳೂ ಅವಳೇ. ನಂದಿತಾ ಬಯ್ಯಲಿ ಎಂದು ಕಾದಳು. ನಂದಿತಾ ಅವಳತ್ತ ನೋಡಲೂ ಇಲ್ಲ.

ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ದಿಶಾ ಪಕ್ಕದ ಖಾಲಿ ಮಂಚ ತೋರಿಸಿದಳು. "ಅಜ್ಜಿ, ಇನ್ಮೇಲೆ ಪಾಪು ಇಲ್ಲೇ ಮಲಗುತ್ತಾ? ನಂಗೊಬ್ಳಿಗೇ ಬೇಜಾರಾಗ್ತಿತ್ತು."