ಹೊತ್ತು ಮುಳುಗಿದ ಮೇಲೆ ಉಣ್ಣದ ಅಕ್ಕ

ಕಳೆದ ವಾರ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲು ತಾಳಲಾರದೆ ಒಂದು ಅಂಗಡಿಯ ನೆರಳಿಗೆ ಸರಿದಾಗ, ಅಲ್ಲಿನ ಹುಡುಗಿ ಕೊಡಗಿನ ಜೇನಿನ ಬಾಟಲಿಯ ಮುಚ್ಚಳ ತೆಗೆದು, ಅಸಲಿಯೋ ಅಲ್ಲವೋ ಮೂಸಿ ನೋಡಿ ಎಂದು ನನ್ನ ಮೂಗಿನ ಹತ್ತಿರ ಹಿಡಿದಳು. ಅಸಲಿಯೇ ಆಗಿತ್ತು. ಬೇಡವೆಂದು ಕೈಯಾಡಿಸಿ ಮತ್ತೆ ಬಿಸಿಲಿಗೆ ಇಳಿದೆ. ನನ್ನ ಬಸ್ಸು ಬಂದು ಹೋದದ್ದು ಗೊತ್ತೇ ಆಗಲಿಲ್ಲ. ಬಸ್ಸು ತಪ್ಪಿಸಿಕೊಳ್ಳುವ ಹೆಂಗಸಲ್ಲ ನಾನು...

ನೆನಪಾದದ್ದು ಪಕ್ಕದ ಮನೆಯ ಅಕ್ಕ. ನಾನು ಆಸ್ಪತ್ರೆಯಲ್ಲಿ ನರ್ಸಾಗಿ, ಕೊನೆಗೆ ಇಡೀ ವಾರ್ಡಿನ ಹೊಣೆ ಹೊತ್ತು, ನಿವೃತ್ತಳಾಗಿ ಮೂಡುಬಿದಿರೆಯಲ್ಲಿ ಮನೆ ಮಾಡಿದಾಗ ಅವರು ಗೋಡೆಯ ಆಚೆಗಿದ್ದರು. ಪೇಟೆಯಲ್ಲಿ ಪಾತ್ರೆ ಅಂಗಡಿಯಿದ್ದ ಹಳೆಯ ಜೈನ ಮನೆತನ. ಗಂಡ ತೀರಿಕೊಂಡಿದ್ದರು, ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ನನಗಿಂತ ಸ್ವಲ್ಪ ದೊಡ್ಡವರು. ಊರೆಲ್ಲ ನನ್ನನ್ನು ಸಿಸ್ಟರ್ ಎಂದರೆ ಅವರು ಮಾತ್ರ ಮಾರಾಯ್ತಿ ಎನ್ನುತ್ತಿದ್ದರು.

ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತ ಶಿಸ್ತು ನನ್ನನ್ನು ಬಿಟ್ಟಿಲ್ಲ. ಏಳುವುದು, ಗಂಜಿ ಕುಡಿಯುವುದು, ಮಲಗುವುದು ಎಲ್ಲ ಗಡಿಯಾರ ಹೇಳಿದಂತೆ. ಅಕ್ಕನದೂ ಅಷ್ಟೇ ಬಿಗಿ, ಆದರೆ ಅವರು ನೋಡುತ್ತಿದ್ದದ್ದು ಸೂರ್ಯನನ್ನು. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಬಟ್ಟೆಯಲ್ಲಿ ಸೋಸಿದ ನೀರು ಕುಡಿದ ಮೇಲೆ ಅವರ ದಿನ ಸುರುವಾಗುತ್ತಿತ್ತು. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಆಮೇಲೆ ಒಂದು ಹನಿ ನೀರೂ ಇಲ್ಲ. ಕತ್ತಲಲ್ಲಿ ಬಟ್ಟಲಿಗೆ ಬಿದ್ದ ಹುಳ ಕಾಣುವುದಿಲ್ಲ, ಕಾಣದೆ ಕೊಂದರೂ ಕೊಂದದ್ದೇ ಎನ್ನುತ್ತಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಮುನಿಗಳೊಬ್ಬರ ಮುಂದೆ ಕೈಮುಗಿದು ಹಿಡಿದ ವ್ರತವಂತೆ. ಹೆರಿಗೆಯ ನೋವಿನಲ್ಲೂ ಬಿಟ್ಟಿರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಇನ್ಸುಲಿನ್ ಸುರುವಾದಾಗ ಡಾಕ್ಟರು ತಲೆ ಕೆರೆದುಕೊಂಡರು. ಎಲ್ಲರೂ ರಾತ್ರಿಯೂಟಕ್ಕೆ ಮೊದಲು ಚುಚ್ಚಿಕೊಳ್ಳುವುದನ್ನು ಅಕ್ಕ ಹಗಲಿರುವಾಗಲೇ ಚುಚ್ಚಿಕೊಳ್ಳಬೇಕಿತ್ತು. ಅದನ್ನೂ ಅವರು ಚೆನ್ನಾಗಿ ರೂಢಿಸಿಕೊಂಡರು. ಅಂಗಳದ ನೆರಳು ತುಳಸಿಕಟ್ಟೆಯಷ್ಟು ದೂರ ಬಂದಾಗ ಸೂಜಿ, ಅರ್ಧ ಗಂಟೆ ಬಿಟ್ಟು ಊಟ. ವರ್ಷಗಟ್ಟಲೆ ಹೀಗೇ ನಡೆಯಿತು, ಒಂದು ದಿನವೂ ತಪ್ಪಲಿಲ್ಲ.

ಮಡಿಕೇರಿಗೆ ಹೋಗುವ ಮಾತು ತೆಗೆದದ್ದು ಬೆಳ್ತಂಗಡಿಯ ನನ್ನ ಗೆಳತಿ. ಶಾಲೆಯಲ್ಲಿ ಟೀಚರಾಗಿದ್ದವಳು, ನಮಗೆಲ್ಲ ಈಗಲೂ ಟೀಚರೇ. ಶನಿವಾರ ಹೋಗಿ ಭಾನುವಾರ ಬರುವ, ಎರಡು ದಿನ ಯಾರಿಗೂ ಬೇಯಿಸಿ ಹಾಕುವುದು ಬೇಡ ಎಂದಳು. ಅಕ್ಕ ಮೊದಲು ನಕ್ಕುಬಿಟ್ಟರು. ನೆಂಟರ ಮನೆ, ಯಾತ್ರೆ ಬಿಟ್ಟರೆ ಅವರು ಬೇರೆಲ್ಲೂ ರಾತ್ರಿ ಕಳೆದವರಲ್ಲ. ಸುಮ್ಮನೆ ಕುಳಿತುಕೊಳ್ಳಲಿಕ್ಕೆ ಅಷ್ಟು ದೂರ ಹೋಗುವುದಾ ಎಂದು ಕೇಳಿದರು. ಆಮೇಲೆ ಎರಡು ದಿನ ಬಿಟ್ಟು ಗೋಡೆಯ ಹತ್ತಿರ ಬಂದು, ಅಲ್ಲಿ ಸ್ವೆಟರ್ ಬೇಕಾಗ್ತದಾ ಎಂದರು.

ಬಂಟ್ವಾಳದ ಬ್ಯಾರಿ ಮುಸ್ಲಿಮರೊಬ್ಬರ ಕಾರು ಮಾಡಿಕೊಂಡು ಹೊರಟೆವು, ಅವರೇ ಡ್ರೈವರು. ಅಕ್ಕ ಎರಡು ದಿನದ ತನ್ನ ಆಹಾರವನ್ನೆಲ್ಲ ತಾನೇ ಕಟ್ಟಿಕೊಂಡಿದ್ದರು. ನೀರಿನ ಕ್ಯಾನು, ಸೋಸುವ ಬಟ್ಟೆ, ಚಪಾತಿ, ಅವಲಕ್ಕಿ, ಹೆಸರುಕಾಳು. ಮಾಣಿ ಎಂಬ ಊರು ದಾಟುವಷ್ಟರಲ್ಲಿ ಟೀಚರ್ ಅವರ ಡಬ್ಬಿಗೆ ಕೈ ಹಾಕಿಯಾಗಿತ್ತು. ಇವಳಿಗೆ ಉಪವಾಸದವರ ಪಕ್ಕ ಕೂತರೂ ಹಸಿವೆಯೇ ಎಂದು ಅಕ್ಕ ಅಂದರು. ಡ್ರೈವರು ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು.

ಶನಿವಾರದ ಸಂಜೆ ಊರ ತುದಿಯ ಗುಡ್ಡದ ಉದ್ಯಾನಕ್ಕೆ ಹೋದೆವು. ಸೂರ್ಯ ಮುಳುಗುವುದನ್ನು ನೋಡಲು ಜನ ಸೇರುವ ಜಾಗ. ಅಕ್ಕ ಊಟ ಮುಗಿಸಿಕೊಂಡೇ ಬಂದಿದ್ದರು. ಕಣಿವೆಯ ಆಚೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಮತ್ತೊಂದು... ಕೆಂಪು ಕರಗಿ ನೀಲಿಯಾಗುವ ತನಕ ಅವರು ಕಂಬಿಬೇಲಿ ಹಿಡಿದುಕೊಂಡು ಅಲುಗದೆ ನಿಂತಿದ್ದರು. ಜನ ಚದುರಿದ ಮೇಲೂ ನಿಂತಿದ್ದರು.

"ಎಲ್ಲರಿಗೂ ಇದು ಚಂದ. ನನಗೆ ಇಷ್ಟು ವರ್ಷ ಇದು ಅಡಿಗೆಮನೆಯ ಗಂಟೆ ಮಾರಾಯ್ತಿ. ನಿಂತು ನೋಡಿದ್ದೇ ಇಲ್ಲ," ಎಂದರು.

ಅಷ್ಟು ಹಗುರಾಗಿದ್ದ ಅವರನ್ನು ನಾನು ಮೊದಲು ಕಂಡಿರಲಿಲ್ಲ. ಆಮೇಲೂ ಕಾಣಲಿಲ್ಲ.

ಭಾನುವಾರ ಟೀಚರ್ ಮಾರುಕಟ್ಟೆಯಲ್ಲಿ ಜೇನು ಕೊಂಡಳು. ಜೈನರಿಗೆ ಜೇನು ನಿಷಿದ್ಧ. ಒಂದು ಬಾಟಲಿ ಜೇನಿಗೆ ಎಷ್ಟು ಹುಳಗಳ ಮನೆ ಸುಟ್ಟಿದ್ದಾರೋ ಎಂದು ಅಕ್ಕ ಗೊಣಗಿದರು. ಬಾಟಲಿ ತನ್ನ ಚೀಲಕ್ಕೆ ತಾಗಬಾರದೆಂದು ನಡುವೆ ನನ್ನ ಶಾಲು ಇಡಿಸಿದರು. ಮಧ್ಯಾಹ್ನ ಅವರ ಡಬ್ಬಿ ಖಾಲಿಯಾಯಿತು. ಅದಕ್ಕೇನೂ ಚಿಂತೆಯಿರಲಿಲ್ಲ. ಘಟ್ಟ ಇಳಿದ ಕೂಡಲೆ ಅವರ ತಂಗಿಯ ಮನೆ, ಅಲ್ಲಿ ಹೊತ್ತಿಗೆ ಮೊದಲೇ ಅಡಿಗೆ ಸಿದ್ಧವಿರುವುದೆಂದು ಫೋನಿನಲ್ಲಿ ಮಾತಾಗಿತ್ತು.

ಘಟ್ಟದ ಅರ್ಧ ಇಳಿದಾಗ ಅಕ್ಕ ಕಿಟಕಿಯಿಂದ ಬಿಸಿಲು ನೋಡಿದರು. ಇನ್ನು ಅರ್ಧ ಗಂಟೆಯ ದಾರಿ ಎಂದರು ಡ್ರೈವರು. ಅಕ್ಕ ಎಂದಿನಂತೆ ಸೆರಗಿನ ಮರೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡರು. ಮನೆಯ ಅಂಗಳದ ಲೆಕ್ಕವನ್ನೇ ಅವರು ಘಟ್ಟದ ರಸ್ತೆಯಲ್ಲೂ ಹಿಡಿದರು. ಅಂಗಳದಲ್ಲಾದರೆ ಊಟ ನಾಲ್ಕು ಹೆಜ್ಜೆ ದೂರದಲ್ಲಿರುತ್ತಿತ್ತು...

ಎರಡು ತಿರುವು ದಾಟುವಷ್ಟರಲ್ಲಿ ಕಾರು ನಿಂತಿತು. ಕೆಳಗಿನ ತಿರುವಿನಲ್ಲಿ ದೊಡ್ಡ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿತ್ತು. ಸ್ವಲ್ಪ ಹೊತ್ತಿನಲ್ಲಿ ಬದಿಗೆ ಸರಿಸುತ್ತಾರೆ ಎಂದರು ಮುಂದಿನವರು. ಕಾರಿನಲ್ಲಿ ಬಾಳೆಹಣ್ಣಿತ್ತು. ಒಂದು ತಿನ್ನಿ ಎಂದೆ. ತಂಗಿ ಬಿಸಿ ಅಡಿಗೆ ಮಾಡಿ ಕಾಯುತ್ತಿದ್ದಾಳೆ, ಈಗ ಹಣ್ಣು ತಿಂದು ಅಲ್ಲಿ ಏನು ಉಣ್ಣುವುದು ಎಂದರು. ಆ ಮಾತು ಆಡಿ ಮುಗಿಸುವಷ್ಟರಲ್ಲಿ ಮಂಜು ಬಂತು. ಘಟ್ಟದ ಮಂಜು ಹೇಳಿ ಬರುವುದಿಲ್ಲ. ಕೆಳಗಿನ ಕಾಡಿನಿಂದ ಎದ್ದು, ನಮ್ಮ ಮುಂದಿನ ವಾಹನವನ್ನೇ ನುಂಗಿತು. ಎಲ್ಲರೂ ದೀಪ ಹಾಕಿದರು.

ನಾನು ಹಣ್ಣು ಸುಲಿದು ಅವರ ಕೈಗೆ ಕೊಟ್ಟೆ. ಅಕ್ಕ ಹಿಂದಕ್ಕೆ ಕೊಟ್ಟರು.

"ಹೊತ್ತು ಇನ್ನೂ ಮುಳುಗಲಿಲ್ಲ ಅಕ್ಕ. ಗಡಿಯಾರ ನೋಡಿ."

"ನಿನ್ನ ಗಡಿಯಾರಕ್ಕೆ ಮಂಜು ಕಾಣುವುದಿಲ್ಲ. ನನಗೆ ಕಾಣ್ತದೆ. ಕೈಯಲ್ಲಿದ್ದ ಹಣ್ಣೇ ಸರಿಯಾಗಿ ಕಾಣುವುದಿಲ್ಲ."

"ಹಣ್ಣು ಅಂತ ಬೇಡ. ಮದ್ದು ಅಂತ ತಿನ್ನಿ."

"ಮದ್ದಿಗೆ ಸಿಪ್ಪೆ ಉಂಟಾ ಮಾರಾಯ್ತಿ?"

ಟೀಚರ್ ನಕ್ಕಳು. ನನಗೆ ನಗಲು ಆಗಲಿಲ್ಲ. ಒಳಗೆ ಹೋದ ಇನ್ಸುಲಿನ್ ವ್ರತ ಕೇಳುವುದಿಲ್ಲ, ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಅದನ್ನು ಅಕ್ಕನಿಗೆ ವಿವರಿಸಿ ಹೇಳಿದೆ. ಅವರಿಗೂ ಗೊತ್ತಿತ್ತು. ಡ್ರೈವರು ಮಂಜಿನಲ್ಲೇ ಸಾಲಾಗಿ ನಿಂತ ವಾಹನಗಳನ್ನೆಲ್ಲ ವಿಚಾರಿಸಿ ಬಿಸ್ಕತ್ತು, ಹಣ್ಣಿನ ರಸ ತಂದರು. ಅಮ್ಮ, ನಿಮ್ಮ ದೇವರು ಸಿಟ್ಟು ಮಾಡಲಿಕ್ಕಿಲ್ಲ, ಕುಡಿಯಿರಿ ಎಂದು ಅವರೂ ಹೇಳಿ ನೋಡಿದರು. ನಮ್ಮ ದೇವರು ಸಿಟ್ಟು ಮಾಡುವವರಲ್ಲ, ಅದಕ್ಕೇ ನಾವೇ ಜಾಗ್ರತೆ ಮಾಡುವುದು ಎಂದರು ಅಕ್ಕ. ಆಗಲೇ ಅವರ ಹಣೆಯಲ್ಲಿ ಬೆವರಿತ್ತು. ಆ ಚಳಿಯಲ್ಲಿ ಬೆವರು.

ವಾರ್ಡಿನಲ್ಲಿ ನಾನು ಯಾರನ್ನೂ ಬೇಡಿದವಳಲ್ಲ. ಹೇಳುತ್ತಿದ್ದೆ, ರೋಗಿಗಳು ಕೇಳುತ್ತಿದ್ದರು. ಅಂದು ಬೇಡಿದೆ. ಅವರ ಎರಡೂ ಕೈ ಹಿಡಿದುಕೊಂಡು, ಮಗನ ಹೆಸರು ಹೇಳಿ, ಮೊಮ್ಮಗಳ ಹೆಸರು ಹೇಳಿ ಬೇಡಿದೆ. ಅಕ್ಕ ಕಣ್ಣು ಮುಚ್ಚಿ ಜಪ ಹಿಡಿದರು. ಮೊದಲು ಪದಗಳು ಸರಿಯಾಗಿದ್ದವು. ಆಮೇಲೆ ತಪ್ಪತೊಡಗಿದವು. ಆಮೇಲೆ ಟೀಚರನ್ನು ನೋಡಿ, ಅಮ್ಮ ಬಂದಳಾ ಎಂದು ಕೇಳಿದರು. ತಲೆ ನನ್ನ ಭುಜಕ್ಕೆ ವಾಲಿತು. ಕರೆದರೆ ಓಗೊಡಲಿಲ್ಲ.

ಆಂಬುಲೆನ್ಸಿಗೆ ದಾರಿಯಿರಲಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ರಸ ಹೊಯ್ದರೆ ಅದು ಉಸಿರಿನ ದಾರಿಗೆ ಹೋಗುತ್ತದೆ. ಬಿಸ್ಕತ್ತಿನಿಂದ ಉಪಯೋಗವಿಲ್ಲ. ವಸಡಿಗೆ ಹಚ್ಚಿದರೆ ಅಂಟಿಕೊಂಡು ನಿಧಾನವಾಗಿ ಒಳಗೆ ಇಳಿಯುವಂಥದ್ದು ಕಾರಿನಲ್ಲಿ ಒಂದೇ ಇತ್ತು. ಟೀಚರಿಗೂ ಅದು ಹೊಳೆಯಿತು. ಬೇಡ ಸಿಸ್ಟರ್, ಅದೊಂದು ಬೇಡ ಎನ್ನುತ್ತಲೇ ಅವಳೇ ಅಳುತ್ತಾ ಮುಚ್ಚಳ ತೆಗೆದುಕೊಟ್ಟಳು.

ಅಕ್ಕನನ್ನು ಮಗ್ಗುಲಿಗೆ ಮಲಗಿಸಿ, ಬೆರಳಿಗೆ ಜೇನು ಅದ್ದಿ, ಕೆನ್ನೆಯ ಒಳಗೆ, ವಸಡಿನ ಉದ್ದಕ್ಕೆ ಹಚ್ಚಿದೆ. ಮತ್ತೆ ಹಚ್ಚಿದೆ. ಕಾರಿನ ತುಂಬ ಅದರ ವಾಸನೆ. ಎಷ್ಟೋ ಹೊತ್ತಿನ ಮೇಲೆ ರೆಪ್ಪೆ ಅಲುಗಿತು. ಅಕ್ಕ ತುಟಿ ಸವರಿಕೊಂಡು, ಅದೇನೆಂದು ಕೇಳಿದರು. ಹೇಳದೆ ಇರಬಹುದಿತ್ತು. ಗ್ಲೂಕೋಸ್ ಎಂದರೆ ನಂಬುತ್ತಿರಲಿಲ್ಲ, ಆ ವಾಸನೆ ಅಷ್ಟಿತ್ತು.

"ಜೇನು ಅಕ್ಕ," ಎಂದೆ.

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಅಲ್ಲಿ ನೋಡಲು ಏನೂ ಇರಲಿಲ್ಲ. ಬರೀ ಬಿಳಿ... ದಾರಿ ತೆರವಾಗಿ, ಸುಳ್ಯದಲ್ಲಿ ಆಸ್ಪತ್ರೆಗೆ ಸೇರಿಸಿ, ನರಕ್ಕೆ ಗ್ಲೂಕೋಸ್ ಏರಿಸಿದರು. ಬದುಕಿದರು. ಊರಿಗೆ ಬಂದ ಮೇಲೆ ಅವರ ಮಗ ನನ್ನ ಕಾಲಿಗೆ ಬೀಳಲು ಬಂದ.

ಅಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಬಸದಿಯಲ್ಲಿ ಕೇಳಿ ಪ್ರಾಯಶ್ಚಿತ್ತಕ್ಕೆಂದು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟರು. ದಿನದಿಂದ ದಿನಕ್ಕೆ ಅವರ ಬಳೆ ಮೊಣಕೈಯ ಕಡೆ ಜಾರುವುದನ್ನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅವರೇ ಗೋಡೆಯ ಹತ್ತಿರ ಬಂದು ನಿಂತರು.

"ನೀನು ಮಾಡಿದ್ದು ನಿನ್ನ ಕೆಲಸ. ನಾನು ಬೈಯುವುದಿಲ್ಲ. ಆದರೆ ಇನ್ನೊಂದು ಸಲ ಹಾಗಾದರೆ ಏನೂ ಹಾಕಬೇಡ. ಮಾತು ಕೊಡು."

"ಅದೊಂದು ಕೇಳಬೇಡಿ ಅಕ್ಕ."

"ಬಾಯಿ ನನ್ನದಲ್ವಾ?"

ಮಾತು ಕೊಡದೆ ಒಳಗೆ ಬಂದೆ. ಉಸಿರು ಹೋಗುತ್ತಿರುವವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಒಮ್ಮೆ ಕೇಳಿ ಬಿಡುವವರಲ್ಲ. ಹಬ್ಬಕ್ಕೆ ಪಾಯಸ ಕೊಡುವಾಗ, ಬಸದಿಯಿಂದ ಬರುವಾಗ, ಸುಮ್ಮನೆ ನನ್ನ ಮುಖ ನೋಡಿ ನಿಲ್ಲುತ್ತಿದ್ದರು. ನಾನು ಬೇರೆ ಮಾತು ತೆಗೆಯುತ್ತಿದ್ದೆ. ಹೀಗೆ ಕೆಲವು ವರ್ಷ ಕಳೆಯಿತು. ನಮ್ಮಿಬ್ಬರ ನಡುವೆ ಆ ಒಂದು ಮಾತು ಇತ್ತು, ಉಳಿದ ಮಾತೆಲ್ಲ ಅದರ ಸುತ್ತ ಬಳಸಿ ಹೋಗುತ್ತಿತ್ತು.

ಕಾಯಿಲೆ ಕೊನೆಗೆ ಅವರ ಮೂತ್ರಪಿಂಡಕ್ಕೆ ಇಳಿಯಿತು. ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದೇನಿಲ್ಲವೆಂದು ಮನೆಗೆ ಕರೆತಂದರು. ನಾನು ಗೋಡೆ ಬಳಸಿ ಹೋಗಿ ಅವರ ಹಾಸಿಗೆಯ ಪಕ್ಕ ಕುಳಿತೆ. ಮಗ್ಗುಲು ತಿರುಗಿಸುವುದು, ಬೆನ್ನಿಗೆ ಪುಡಿ ಹಾಕುವುದು, ಬಾಯಿ ಒರೆಸುವುದು ಎಲ್ಲ ನಾನೇ ಮಾಡಿದೆ. ಹಗಲಿನಲ್ಲಿ ಚಮಚದಲ್ಲಿ ಕೊಟ್ಟ ನೀರು ಕುಡಿಯುತ್ತಿದ್ದರು. ಕೊನೆಯ ದಿನ ಸಂಜೆ ಮಾತು ನಿಂತಿತ್ತು. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಹೊರಗೆ ಕತ್ತಲು ಇಳಿದು ಸೊಸೆ ದೀಪ ಹಾಕಿದಳು. ಮಗನಿಗೆ ತಡೆಯಲಾಗಲಿಲ್ಲ.

"ಸಿಸ್ಟರ್, ಒಂದು ಚಮಚ ನೀರು. ಅಮ್ಮನ ತುಟಿ ನೋಡಿ. ನೀವು ಕೊಟ್ಟರೆ ಆಗ್ತದೆ," ಎಂದ.

ಕೋಣೆಯಲ್ಲಿದ್ದ ಎಲ್ಲರೂ ನನ್ನನ್ನೇ ನೋಡಿದರು. ಅವರಿಂದಾಗದ್ದನ್ನು ಮಾಡುವವಳು ನಾನು ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಮಚದಲ್ಲಿ ನೀರು ತೆಗೆದುಕೊಂಡೆ. ಅದು ನನ್ನ ಕೈಗೆ ಅಭ್ಯಾಸವಾದ ಕೆಲಸ, ತಾನಾಗಿ ಮುಂದೆ ಹೋಯಿತು. ಅಕ್ಕ ಕಣ್ಣು ತೆರೆದು ಕಿಟಕಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಗೋಡೆಯ ಹತ್ತಿರ ನಿಂತು ನೋಡುತ್ತಿದ್ದರಲ್ಲ, ಹಾಗೆ.

ಚಮಚ ತಟ್ಟೆಯಲ್ಲಿಟ್ಟೆ.

"ಕತ್ತಲಾಗಿದೆ," ಎಂದೆ ಮಗನಿಗೆ. "ಬೆಳಿಗ್ಗೆ ಕೊಡುವ."

ಬೆಳಿಗ್ಗೆ ಅಕ್ಕ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾಡಿ ನನ್ನ ಬೆರಳಿನ ಕೆಳಗೇ ಇತ್ತು. ಅವರು ಕಣ್ಣು ಮುಚ್ಚಿದರು. ಸಮಾಧಾನವಾಯಿತೋ, ದಣಿವೋ, ನಾನು ಹೇಳಲಾರೆ. ಸೂರ್ಯ ಬರುವ ಮೊದಲೇ ಹೋದರು.

ರೋಗಿ ಹೋದ ಮೇಲೆ ಏನು ಮಾಡಬೇಕೆಂದು ನಮಗೆ ಕಲಿಸಿದ್ದರು. ಹೊದಿಕೆ ಮಡಚಬೇಕು, ದಿಂಬು ಬಿಸಿಲಿಗೆ ಹಾಕಬೇಕು, ಮಂಚ ಒರೆಸಬೇಕು, ಮುಂದಿನವರಿಗೆ ಜಾಗ ಮಾಡಬೇಕು. ಅದೆಲ್ಲವನ್ನೂ ಅಂದು ಮಾಡಿದೆ, ಒಂದನ್ನೂ ಬಿಡಲಿಲ್ಲ. ಮೊನ್ನೆ ಟೀಚರ್ ಫೋನು ಮಾಡಿ, ಈ ಸಲ ಎಲ್ಲಿಗಾದರೂ ಹೋಗುವ, ನಾವಿಬ್ಬರೇ ಆದರೂ ಹೋಗುವ ಎಂದಳು. ಮೊಣಕಾಲು ನೋವು ಎಂದೆ. ಮೊಣಕಾಲಿಗೆ ಏನೂ ಆಗಿಲ್ಲ. ಗಂಜಿ ಹೊತ್ತಿಗೆ ಸರಿಯಾಗಿ ಕುಡಿಯುತ್ತೇನೆ, ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ಮಾರಾಯ್ತಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಆ ಜಾಗಕ್ಕೆ ಮುಂದಿನವರು ಬರುವುದಿಲ್ಲ.