ಒಂದು ವಾರ ಮೊದಲೇ ಬಂದವನು

ನಾನು ಏಳನೇ ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗಿನಿಂದ ಏಳನೆಯದು, ಒಟ್ಟು ಹದಿನೆಂಟು. ಆಮೇಲೆ ಎರಡು ಸಲ ಹೋಗಿ ಎಣಿಸಿ ಬಂದಿದ್ದೇನೆ. ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿರುವ ಕಟ್ಟಡ ಅದು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಟ್ಯೂಷನ್ ಕೋಣೆ. ಹೋದ ವರ್ಷ ದಸರಾ ಕಳೆದ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಎರಡೋ ಮೂರೋ ನಿಮಿಷ ಬಾಕಿ ಇತ್ತು. ಸ್ಕೂಟರಿನ ಡಿಕ್ಕಿಯಿಂದ ಕರೆಂಟಿನ ಎಕ್ಸ್‌ಟೆನ್ಶನ್ ಬಾಕ್ಸ್ ತೆಗೆದುಕೊಂಡು ಮೇಲೆ ಹತ್ತುತ್ತಿದ್ದೆ. ಮರದ್ದು, ಭಾರ, ಎರಡೂ ಕೈಯಲ್ಲಿ ಹಿಡಿಯಬೇಕಾದಂಥದ್ದು. ಗಿರಣಿ ಓಡುತ್ತಿತ್ತು.

ಹಿಂದಿನಿಂದ ಒಬ್ಬರು ಬಂದರು. ಇಸ್ತ್ರಿ ಮಾಡಿದ ನೀಲಿ ಶರ್ಟು, ಕೈಯಲ್ಲಿ ಹೆಲ್ಮೆಟ್ಟು.

“ಸಾರ್, ವೆಬ್‌ಸೈಟ್ ಮೀಟಿಂಗ್ ಇಲ್ಲೇನಾ?”

“ಮೀಟಪ್ ಮುಂದಿನ ಭಾನುವಾರ ಕಣ್ರೀ. ಒಂದು ವಾರ ಮೊದಲೇ ಬಂದ್ಬಿಟ್ಟಿದೀರಲ್ಲ,” ಎಂದು ನಕ್ಕೆ. “ಪರವಾಗಿಲ್ಲ, ಇವತ್ತು ಟ್ರಯಲ್ ಇದೆ. ಬನ್ನಿ, ಮೇಲೆ ಹೋಗಿ.”

ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ. ಆತ “ಥ್ಯಾಂಕ್ಸ್ ಸಾರ್” ಎಂದು ನನ್ನನ್ನು ದಾಟಿ ಹೋದ.

ಮೇಲೆ ಮೂವರಿದ್ದರು. ಅವರು ಯಾರು, ಅಲ್ಲಿ ಯಾಕೆ ಸೇರಿದ್ದರು ಎಂಬುದನ್ನು ಮೊದಲು ಹೇಳಬೇಕು.

ನಾನು ಹದಿನಾಲ್ಕು ವರ್ಷದಿಂದ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೇನೆ. ಮನೆ ಆರ್‌ಪಿಸಿ ಲೇಔಟಿನಲ್ಲಿ. ಈ ಕೆಲಸದವರು ಸೇರುವ ಸಭೆಗಳೆಲ್ಲ ಊರಿನ ಇನ್ನೊಂದು ತುದಿಯಲ್ಲೇ ನಡೆಯುತ್ತವೆ, ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ. ನಮ್ಮ ಕಡೆಯೇ ಒಂದು ಮಾಡೋಣ, ಹೊಸಬರೂ ಹಳಬರೂ ಒಟ್ಟಿಗೆ ಕೂರುವಂಥದ್ದು ಎಂದುಕೊಂಡು ಅಲ್ಲಿ ಇಲ್ಲಿ ಹೇಳಿದ್ದೆ. ಮೂರು ಜನ ಸಿಕ್ಕರು. ಒಬ್ಬರು ಕೋಣೆಯ ಮಾಲೀಕರು, ನಿವೃತ್ತ ಗಣಿತದ ಮೇಷ್ಟ್ರು, ಎಪ್ಪತ್ತೊಂದು ವಯಸ್ಸು. ಭಾನುವಾರ ಕೋಣೆ ಖಾಲಿ ಇರುತ್ತದೆ, ಬಳಸಿಕೊಳ್ಳಿ ಎಂದವರು ತಾವೂ ಬಂದು ಕೂತರು. ಇನ್ನೊಬ್ಬ ವಿಜಯಪುರದ ಕಡೆಯವನು, ಊಟದ ಡೆಲಿವರಿ ಮಾಡುವವನು, ಇಪ್ಪತ್ತೇಳು ವರ್ಷ. ಮೊಬೈಲಿನಲ್ಲಿ ನೋಡಿ ನೋಡಿ ಪೇಜ್ ಬರೆಯುವುದನ್ನು ಕಲಿಯುತ್ತಿದ್ದ.

ಮೂರನೆಯವರು ಒಬ್ಬ ಹೆಂಗಸು. ಮದುವೆಗೆ ಮುಂಚೆ ನನ್ನ ಹಾಗೆಯೇ ಕೆಲಸ ಮಾಡಿದ್ದವರು, ಏಳು ವರ್ಷ ಬಿಟ್ಟಿದ್ದರು. ಕೆಂಗೇರಿಯಲ್ಲಿದ್ದ ಗಂಡನ ಮನೆಯಿಂದ ಸರ್ಟಿಫಿಕೇಟುಗಳ ಫೈಲನ್ನಷ್ಟೇ ಎತ್ತಿಕೊಂಡು ಹೊರಟುಬಂದಿದ್ದರು. ಮಲ್ಲತ್ತಹಳ್ಳಿಯಲ್ಲಿ ಒಬ್ಬ ಗೆಳತಿಯ ಮನೆಯಲ್ಲಿದ್ದರು. ಮೊದಲ ದಿನವೇ ನಮಗೆಲ್ಲ ನೇರವಾಗಿ ಹೇಳಿದರು:

“ನನ್ನ ಫೋಟೋ ಎಲ್ಲೂ ಹಾಕ್ಬೇಡಿ. ಹೆಸ್ರೂ ಬೇಡ. ಬೆಲ್ಟಲ್ಲಿ ಹೊಡೀತಿದ್ದ, ಒಂದ್ಸಲ ಗ್ಯಾಸ್ ಆನ್ ಮಾಡಿ ಬಾಗ್ಲು ಹಾಕಿದ್ದ. ತವರಿಗೆ ಹೋಗಿ ಗಲಾಟೆ ಮಾಡಿದಾನೆ, ತಂಗಿ ಆಫೀಸಿಗೂ ಹೋಗಿದಾನೆ. ನಾನು ಸಿಕ್ರೆ ಸಾಯಿಸ್ತಾನೆ.”

ದನಿ ಏರಲಿಲ್ಲ, ಇಳಿಯಲಿಲ್ಲ. ಮೇಷ್ಟ್ರು ಎದ್ದು ಹೋಗಿ ಕೋಣೆಯ ಬಾಗಿಲ ಚಿಲಕ ಎಳೆದು ನೋಡಿ ಬಂದರು.

ನಮಗೆ ಕಷ್ಟವಾದದ್ದು ಬರುವವರನ್ನು ಹೇಗೆ ಕೂರಿಸುವುದು ಎಂಬುದು. ಒಬ್ಬರಿಗೆ ಸರ್ವರ್ ಬಗ್ಗೆ ಮಾತಾಡಬೇಕು, ಇನ್ನೊಬ್ಬರಿಗೆ ಅಕ್ಷರದ ಬಣ್ಣ ಬದಲಾಯಿಸಲು ಬರುವುದಿಲ್ಲ. ಗೊತ್ತಿರುವಷ್ಟಕ್ಕೆ ತಕ್ಕ ಬಣ್ಣದ ಚೀಟಿ ಅಂಟಿಸೋಣ ಎಂದೆ ನಾನು.

“ಕುರಿಗೆ ಹಚ್ಚಿದಂಗ ಬಣ್ಣ ಹಚ್ತೀರೇನ್ರಿ ಅಣ್ಣಾರ?” ಎಂದ ಡೆಲಿವರಿ ರೈಡರ್. “ನಂಗ ಯಾವ್ದು? ನಾ ಬಟನ್ ಮಾಡೀನಿ, ಆದ್ರ ಎಷ್ಟ್ ಒತ್ತಿದ್ರೂ ಏನೂ ಆಗಂಗಿಲ್ಲ.”

“ನಾನು ಕ್ಲಾಸಲ್ಲಿ ಬುದ್ಧಿವಂತನ ಪಕ್ಕ ದಡ್ಡನ್ನ ಕೂರಿಸ್ತಿದ್ದೆ,” ಎಂದರು ಮೇಷ್ಟ್ರು. “ಇಬ್ರೂ ಮಾತಾಡ್ಕೊಂಡು ಕೂತಿರ್ತಿದ್ರು, ಲೆಕ್ಕ ಮಾತ್ರ ಆಗ್ತಿರ್ಲಿಲ್ಲ.”

ದಾರಿ ಕಂಡುಹಿಡಿದವರು ಆಕೆಯೇ. ಬಂದವರೆಲ್ಲ ಸೇರಿ ಒಂದೇ ಪೇಜನ್ನು ಕಟ್ಟಲಿ, ಅದು ಈ ಮೀಟಪ್‌ನದೇ ಪೇಜಾಗಿರಲಿ ಎಂದರು. ಹೊಸಬರು ಬಣ್ಣ, ಅಕ್ಷರ ನೋಡಿಕೊಳ್ಳುತ್ತಾರೆ. ನಡುವಿನವರು ಹೆಸರು ತುಂಬುವ ಫಾರಂ ಮಾಡುತ್ತಾರೆ. ಹಳಬರು ತೆರೆಯ ಹಿಂದೆ ನಡೆಯುವ ಕೆಲಸ ನೋಡುತ್ತಾರೆ. ಯಾರು ಬರುತ್ತಿದ್ದಾರೆ, ಎಲ್ಲಿಂದ, ಎಷ್ಟು ಹೊತ್ತಿಗೆ ಎಂಬ ಪಟ್ಟಿ ಅದರಲ್ಲಿ ತಾನಾಗಿ ಮೂಡಬೇಕು. ಎಲ್ಲರಿಗೂ ಒಪ್ಪಿಗೆಯಾಯಿತು. ಅಭ್ಯಾಸಕ್ಕೆ ಮೊದಲ ಪೇಜನ್ನು ನಾನೇ ಬರೆದು ಇಂಟರ್ನೆಟ್ಟಿಗೆ ಏರಿಸುವುದು ಎಂದಾಯಿತು.

ಪಟ್ಟಿ ಖಾಲಿ ಇದ್ದರೆ ಸರಿಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸುಳ್ಳು ಹೆಸರು ಹಾಕಬಹುದಿತ್ತು. ನನಗೆ ಅದು ಹಿಡಿಸುವುದಿಲ್ಲ. ನಿಜವಾದ ಡೇಟಾ ಇದ್ದರೇ ತಪ್ಪುಗಳು ಹೊರಬೀಳುತ್ತವೆ ಎಂದು ಹದಿನಾಲ್ಕು ವರ್ಷದಿಂದ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ. ನಮ್ಮ ನಾಲ್ವರ ವಿವರ ಹಾಕಿದೆ. ಪೂರ್ತಿ ಹೆಸರು, ಏರಿಯಾ, ಟ್ರಯಲ್ಲಿಗೆ ಬರುವ ದಿನ ಮತ್ತು ಹೊತ್ತು, ಕೋಣೆಯ ವಿಳಾಸ. ತೆರೆಯ ಮೇಲೆ ಮಾತ್ರ ಹೆಸರಿನ ಮೊದಲ ಅಕ್ಷರವಷ್ಟೇ ಕಾಣುವಂತೆ ಮಾಡಿದೆ. ಉಳಿದದ್ದನ್ನು ಅಳಿಸಲಿಲ್ಲ, ಮರೆಮಾಡಿದೆ. ಅಂದರೆ ಅದು ಪೇಜಿನ ಒಳಗೇ ಇತ್ತು. ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ.

ಆಕೆ ಫೋನಿನಲ್ಲಿ ಪೇಜ್ ತೆರೆದು ಬಹಳ ಹೊತ್ತು ನೋಡಿದರು.

“ಸಾರ್, ಇದು ಬರೀ ಕಾಣಿಸ್ತಿಲ್ವೋ ಅಥವಾ ಇಲ್ವೇ ಇಲ್ವೋ?”

ಇಡೀ ಕೆಲಸದಲ್ಲಿ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಏಳು ವರ್ಷ ಕೆಲಸ ಬಿಟ್ಟವರು ಕೇಳಿದರು.

“ಅದೆಲ್ಲ ಆಮೇಲೆ ಸರಿ ಮಾಡೋಣ,” ಎಂದೆ. “ಮೊದಲು ಪೇಜ್ ಓಡ್ಲಿ. ಈಗ ಇದನ್ನ ಯಾರು ನೋಡ್ತಾರೆ?”

“ಸರಿ ಸಾರ್. ಮರೀಬೇಡಿ.”

ಸರಿಪಡಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ಬರೆದೂ ಇಟ್ಟೆ. ಐದನೆಯದಾಗಿ. ನಾಲ್ಕನೆಯದು ಬಟನ್ನಿನ ಬಣ್ಣ. ಹನ್ನೊಂದು ದಿನ ಆ ಪೇಜು ಹಾಗೇ ಇತ್ತು. ಆಕೆಯ ಗಂಡ ದಿನಾ ಬೆಳಿಗ್ಗೆ ಎದ್ದು ಹೆಂಡತಿಯ ಪೂರ್ತಿ ಹೆಸರನ್ನು ಫೋನಿನಲ್ಲಿ ಹುಡುಕುತ್ತಿದ್ದನಂತೆ. ಇಂಟರ್ನೆಟ್ಟಿನ ಹುಡುಕುವ ಯಂತ್ರ ಪೇಜಿನಲ್ಲಿ ಮರೆಮಾಡಿದ್ದನ್ನೂ ಓದಿ ತೋರಿಸುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಇನ್ನು ಮೆಟ್ಟಿಲ ಮೇಲಿನದು.

ಆತ ಮೆಟ್ಟಿಲು ಮುಗಿಯುವಲ್ಲಿದ್ದ ಪುಟ್ಟ ಜಗಲಿಗೆ ಹೋದ. ಬಾಗಿಲು ತೆರೆದಿತ್ತು, ಆಕೆ ಒಳಗೆ ಹೊಸ್ತಿಲ ಹತ್ತಿರವೇ ಬಗ್ಗಿ ಚಾಪೆ ಹಾಸುತ್ತಿದ್ದರು. ಆತ ಕರೆಯಲಿಲ್ಲ. ಜಡೆ ಹಿಡಿದು ಜಗಲಿಗೆ ಎಳೆದ. ಆಕೆ ಕೂಗಲಿಲ್ಲ, ಬಾಯಿ ತೆರೆದು ಉಸಿರು ಒಳಗೆಳೆದುಕೊಂಡರು. ಹೆಲ್ಮೆಟ್ಟನ್ನು ಪಟ್ಟಿಯಿಂದ ಹಿಡಿದು ಬೀಸಿ ಎಡ ದವಡೆಗೆ ಹೊಡೆದ. ತೆಂಗಿನಕಾಯಿಯನ್ನು ಕಲ್ಲಿಗೆ ಹಾಕಿದ ಹಾಗೆ ಕೇಳಿಸಿತು. ಎರಡನೇ ಏಟು ಕಿವಿಗೆ. ಮೂರನೆಯದು ತಲೆಗೆ ಅಡ್ಡ ಬಂದ ಬೆರಳುಗಳಿಗೆ.

“ಕಂಪ್ಯೂಟರ್ ಕಲಿಸ್ತೀಯೇನೇ? ಮಲ್ಲತ್ತಹಳ್ಳೀಲಿ ಮನೆ ಮಾಡ್ಕೊಂಡು ಕಂಪ್ಯೂಟರ್ ಕಲಿಸ್ತೀಯಾ?” ಎನ್ನುತ್ತಿದ್ದ. ಮಲ್ಲತ್ತಹಳ್ಳಿ ಎಂದದ್ದು ಗಿರಣಿಯ ಸದ್ದಿನ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು.

ಮೇಷ್ಟ್ರು ಹೊರಗೆ ಬಂದರು. ಕನ್ನಡಕ ಕೈಯಲ್ಲಿತ್ತು. “ಏಯ್, ಬಿಡೋ! ಬಿಡೋ ಅವಳನ್ನ!” ಎಂದು ಆತನ ತೋಳಿಗೆ ಜೋತುಬಿದ್ದರು. ಆತ ತೋಳು ಕೊಡವಿ ಎದೆಗೆ ಹೆಲ್ಮೆಟ್ಟಿನಿಂದ ಗುದ್ದಿದ. ಅವರು ಹಿಂದಕ್ಕೆ ಕಾಲಿಟ್ಟರು. ಹಿಂದೆ ನೆಲವಿರಲಿಲ್ಲ.

ಬೆನ್ನು ಕೆಳಗಾಗಿ ಬಂದರು. ಅವರ ಭುಜ ನನ್ನ ಮೊಣಕಾಲಿಗೆ ತಗುಲಿತು. ಕೈ ಚಾಚಿದ್ದರೆ ಅಂಗಿಯಾದರೂ ಸಿಗುತ್ತಿತ್ತು. ನನ್ನ ಎರಡೂ ಕೈ ಎಕ್ಸ್‌ಟೆನ್ಶನ್ ಬಾಕ್ಸ್ ಹಿಡಿದಿದ್ದವು, ನಾನು ಅದನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳಿದವರಿಗೆಲ್ಲ ಗೊತ್ತಿಲ್ಲ ಎಂದೇ ಹೇಳಿದ್ದೇನೆ, ಅದು ನಿಜ. ಅವರ ತಲೆ ಮೂರನೇ ಮೆಟ್ಟಿಲ ಅಂಚಿಗೆ ಬಡಿಯಿತು, ಆಮೇಲೆ ಎರಡನೆಯದಕ್ಕೆ.

ಮೇಲೆ ರೈಡರ್ ಆತನ ಮೇಲೆ ಎಗರಿದ್ದ. ಮುಂದಿನ ಏಟು ರೈಡರನ ಮಣಿಕಟ್ಟಿಗೆ ಬಿತ್ತು. ಕೈ ಇರಬಾರದ ಕಡೆ ಬಾಗಿತು. ಇನ್ನೊಂದು ಕೈಯಿಂದ ಆತನ ಕುತ್ತಿಗೆ ಸುತ್ತಿ, “ಅಕ್ಕಾರ, ಒಳಗ ಹೋಗ್ರಿ! ಚಿಲಕ ಹಾಕ್ಕೋರಿ!” ಎಂದು ಕಿರುಚಿದ. ಆಕೆ ತೆವಳಿಕೊಂಡು ಒಳಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿಸಿತು.

ಅಷ್ಟು ಹೊತ್ತಿಗೆ ಗಿರಣಿ ನಿಂತಿತ್ತು. ಗಿರಣಿ ನಡೆಸುವ ಆಂಟಿ ಮೇಷ್ಟ್ರನ್ನು ಕಂಕುಳಿಗೆ ಕೈಹಾಕಿ ಗಿರಣಿಯೊಳಗೆ ಎಳೆದುಕೊಂಡರು. ರಾಗಿ ಬೀಸಿಸಲು ಬಂದಿದ್ದ ಒಬ್ಬ ಹೆಂಗಸು ಕಾಲು ಹಿಡಿದರು. ಆಮೇಲೆ ಆಂಟಿ ಮೆಟ್ಟಿಲ ಬುಡದ ಕಬ್ಬಿಣದ ಗೇಟನ್ನು ಎಳೆದು ಬೀಗ ಹಾಕಿದರು. ಆತ ರೈಡರನ ಹಿಡಿತದಿಂದ ಬಿಡಿಸಿಕೊಂಡು, ನನ್ನನ್ನು ದಾಟಿ ಕೆಳಗೆ ಓಡಿಬಂದು ಗೇಟನ್ನು ಒದೆಯತೊಡಗಿದ.

“ಬೀಗ ತೆಗಿಯಮ್ಮಾ!”

“ತೆಗಿಯಲ್ಲ ಕಣೋ! ಪೊಲೀಸ್ ಬಂದ್ಮೇಲೇ ತೆಗಿಯೋದು. ಒದೀ, ಎಷ್ಟ್ ಒದೀತೀಯೋ ಒದೀ!”

ಸ್ವಲ್ಪ ಹೊತ್ತು ಒದ್ದ. ಆಮೇಲೆ ಎರಡನೇ ಮೆಟ್ಟಿಲ ಮೇಲೆ, ಮೇಷ್ಟ್ರ ರಕ್ತದ ಮೇಲೆಯೇ, ತಲೆಗೆ ಕೈ ಕೊಟ್ಟು ಕೂತ. ಹೆಲ್ಮೆಟ್ಟು ಉರುಳಿ ಗೇಟಿಗೆ ತಗುಲಿ ನಿಂತಿತು. ಆತನಿಂದ ಯಾರಿಗೂ ಇನ್ನು ಅಪಾಯವಿರಲಿಲ್ಲ. ಆಗ ನಾನು ನಾಲ್ಕು ಮೆಟ್ಟಿಲು ಇಳಿದು ಹೋಗಿ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಆತನ ತಲೆಗೆ ಹೊಡೆದೆ. ಎರಡು ಸಲ. ಮೂರನೆಯದಕ್ಕೆ ಎತ್ತಿದಾಗ ರೈಡರ್ ಮೇಲಿನಿಂದ, “ಸಾಕ್ರೀ ಅಣ್ಣಾರ, ಸತ್ತಾನು,” ಎಂದ. ನಿಲ್ಲಿಸಿದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಪೊಲೀಸರೊಬ್ಬರು ಕೇಳಿದರು, “ಅವನಿಗೆ ಈ ಜಾಗ ಹೆಂಗೆ ಗೊತ್ತಾಯ್ತು?” ಗೊತ್ತಿಲ್ಲ ಸಾರ್ ಎಂದೆ. ಅವರು ಆ ಕಡೆ ತಿರುಗಿದಾಗ ಫೋನ್ ತೆಗೆದೆ. ಪೇಜಿನ ಒಳಗನ್ನು ತೆರೆದು ನೋಡಿದೆ. ಆಕೆಯ ಪೂರ್ತಿ ಹೆಸರು, ಏರಿಯಾ, ಭಾನುವಾರ ಹತ್ತೂವರೆ, ವಿಳಾಸ, ಎಲ್ಲ ಒಂದೇ ಸಾಲಿನಲ್ಲಿದ್ದವು. ಪೇಜನ್ನು ಅಳಿಸಿದೆ.

ಪಕ್ಕದ ಬೆಂಚಿನಲ್ಲಿ ರೈಡರ್ ಕಟ್ಟು ಹಾಕಿಸಿಕೊಂಡ ಕೈ ಎದೆಗಿಟ್ಟುಕೊಂಡು ಕೂತಿದ್ದ.

“ಏನ್ ಅಳಸಾಕತ್ತೀರಿ ಅಣ್ಣಾರ?”

ಫೋನನ್ನು ಜೇಬಿಗೆ ಹಾಕಿಕೊಂಡೆ. ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಮೇಷ್ಟ್ರಿಗೆ ಎಚ್ಚರ ಬರಲೇ ಇಲ್ಲ. ಒಂಬತ್ತನೇ ದಿನ ತೀರಿಕೊಂಡರು. ಮೀಟಪ್ ನಡೆಯಲಿಲ್ಲ.

ಎರಡು ತಿಂಗಳ ನಂತರ ಆತನ ವಕೀಲರು ಜಾಮೀನಿಗೆ ಅರ್ಜಿ ಹಾಕಿದರು. ಹೆಂಡತಿಯೇ ರಾಜಿಗೆಂದು ಕರೆಸಿಕೊಂಡಳು, ಅಲ್ಲಿದ್ದ ಗಂಡಸರು ಸೇರಿ ಆತನಿಗೆ ಹೊಡೆದರು, ಗಲಾಟೆಯಲ್ಲಿ ಮುದುಕರು ಕಾಲು ಜಾರಿ ಬಿದ್ದರು ಎಂಬುದು ಅವರ ವಾದ. ಆತನ ತಲೆಯಲ್ಲಿದ್ದ ಹೊಲಿಗೆಗಳನ್ನು ತೋರಿಸಿದರು. ಆಕೆ ಕರೆಯದಿದ್ದರೆ ಅಡಗಿಕೊಂಡವಳ ವಿಳಾಸ ಅವನಿಗೆ ಕೊಟ್ಟವರು ಯಾರು ಎಂದು ಕೇಳಿದರು. ಆತ ಹೊರಗೆ ಬಂದರೆ ಮುಂದೇನೆಂದು ನಮಗೆಲ್ಲ ಗೊತ್ತಿತ್ತು.

ಆ ಸಂಜೆ ಮಲ್ಲತ್ತಹಳ್ಳಿಗೆ ಹೋದೆ. ಆಕೆಯ ದವಡೆಯ ತಂತಿ ಬಿಚ್ಚಿದ್ದರು, ಎಡಗಿವಿ ಕೇಳಿಸುತ್ತಿರಲಿಲ್ಲ. ಬಲಗಡೆ ಕೂತು ಹೇಳಿದೆ. ಆತನಿಗೆ ಜಾಗ ಗೊತ್ತಾದದ್ದು ಪೇಜಿನಿಂದ, ನನ್ನಿಂದ ಎಂದೆ. ಅಳಿಸಿದ್ದನ್ನೂ ಹೇಳಿದೆ.

“ನಂಗೆ ಅವತ್ತೇ ಗೊತ್ತಾಯ್ತು,” ಎಂದರು. “ಮಲ್ಲತ್ತಹಳ್ಳಿ ಅಂದ್ನಲ್ಲ. ನೀವಾಗಿ ಹೇಳ್ತೀರಾ ಅಂತ ನೋಡ್ತಿದ್ದೆ.” ಆಮೇಲೆ ಕೇಳಿದರು: “ಹಳೇ ಕೋಡ್ ಇದ್ಯಲ್ಲ?”

ಇತ್ತು. ನಮ್ಮ ಕೆಲಸದಲ್ಲಿ ಪೇಜ್ ಅಳಿಸಿದರೂ ಬರೆದದ್ದು ಹೋಗುವುದಿಲ್ಲ. ಪ್ರತಿ ಬದಲಾವಣೆಯೂ ದಾಖಲಾಗುತ್ತದೆ, ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬುದೂ ಅದರ ಎದುರಿಗೇ ಇರುತ್ತದೆ. ಎಲ್ಲ ಸಾಲುಗಳ ಎದುರೂ ಇದ್ದದ್ದು ನನ್ನ ಹೆಸರು. ಅದನ್ನು ಮುದ್ರಿಸಿ ಠಾಣೆಗೆ ಕೊಟ್ಟೆ, ಎರಡನೇ ಹೇಳಿಕೆ ಬರೆಸಿದೆ. ಮೊದಲ ದಿನ ಸುಳ್ಳು ಹೇಳಿದ್ದು, ಪೇಜ್ ಅಳಿಸಿದ್ದು, ಕೂತಿದ್ದವನಿಗೆ ಹೊಡೆದದ್ದು ಎಲ್ಲ ಅದರಲ್ಲಿವೆ. ಹೊಡೆದದ್ದಕ್ಕೆ ನನ್ನ ಮೇಲೆ ಬೇರೆ ಕೇಸಿದೆ. ಆತನಿಗೆ ಜಾಮೀನು ಸಿಗಲಿಲ್ಲ. ವಿಚಾರಣೆ ಇನ್ನೂ ಶುರುವಾಗಿಲ್ಲ.

ಶುರುವಾದಾಗ ಸಾಕ್ಷಿಗೆ ಕರೆದು ಕೇಳಬೇಕಾದವರು, ಅಂದು ಅದನ್ನು ನೋಡಿ ಇಂದು ಬದುಕಿರುವವರು, ಇವರು. ಗಿರಣಿಯ ಆಂಟಿ; ಗೇಟು ಹಾಕಿದ್ದು ಅವರೇ. ವಿಜಯಪುರದ ರೈಡರ್, ಬಲಗೈ ಪೂರ್ತಿ ತಿರುಗುವುದಿಲ್ಲ, ಈಗ ಆಟೋ ಕಲಿಯುತ್ತಿದ್ದಾನೆ. ಮೇಷ್ಟ್ರ ಕಾಲು ಹಿಡಿದ, ರಾಗಿ ಬೀಸಿಸಲು ಬಂದಿದ್ದ ಹೆಂಗಸು. ಆ ರಸ್ತೆಯಲ್ಲಿ ಮನೆಮನೆಗೂ ಹೋಗಿ ಕೇಳಿದ್ದೇನೆ, ಆ ಹೆಂಗಸು ಇನ್ನೂ ಸಿಕ್ಕಿಲ್ಲ. ಏಳನೇ ಮೆಟ್ಟಿಲ ಮೇಲಿದ್ದ ನಾನು. ಮತ್ತು ಆಕೆ, ಮಲ್ಲತ್ತಹಳ್ಳಿ ಬಿಟ್ಟಿದ್ದಾರೆ, ಬದುಕಿದ್ದಾರೆ. ಈಗ ಎಲ್ಲಿದ್ದಾರೆ ಎಂದು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.